ಕೊಳೆ ಔಷಧಿಯ ಡ್ರಮ್ಮಿನಲ್ಲಿ ಅಯಾನುಗಳ ಪಾಠ

ಶರಾವತಿ ಹಿನ್ನೀರಿನಾಚೆಯ ಬ್ಯಾಕೋಡು, ತುಮರಿ ಕಡೆಯ ಮಕ್ಕಳು ಅಯಾನುಗಳ ಪಾಠಕ್ಕೆ ಹೆದರಬೇಕಾಗಿಯೇ ಇಲ್ಲ. ಮಳೆ ಹಿಡಿಯುವ ಮುಂಚೆ ಅಡಿಕೆ ತೋಟದಲ್ಲಿ ಮೈಲುತುತ್ತ, ಸುಣ್ಣ ಬೆರೆಸಿ ಕೊಳೆರೋಗದ ಔಷಧಿಯಾದ ಬೋರ್ಡೋ ದ್ರಾವಣ ಕಲೆಸುವುದನ್ನು ನೋಡಿದವರ ಕಣ್ಣೆದುರು ಅರ್ಧ ಪಾಠ ಆಗಲೇ ನಡೆದಿರುತ್ತದೆ.

1. ಮೊದಲು ಚಾರ್ಜ್, ಆಮೇಲೆ ಹೆಸರು. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು ಧನ ಅಯಾನು, ಪಡೆದದ್ದು ಋಣ ಅಯಾನು. ಕಳೆದುಕೊಂಡರೆ ಧನ ಹೇಗೆ ಎಂದು ಬಹಳ ಮಂದಿ ಇಲ್ಲೇ ಎಡವುತ್ತಾರೆ. ಹೋದದ್ದು ಋಣ ಚಾರ್ಜ್, ಅದನ್ನು ಮರೆಯಬೇಡಿ. ಸೋಡಿಯಂ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಕ್ಯಾಲ್ಸಿಯಂ ಎರಡು.

2. ಹೆಸರಿನಲ್ಲಿ ಧನ ಅಯಾನು ಮುಂದೆ, ಋಣ ಅಯಾನು ಹಿಂದೆ. ಒಂದೇ ಧಾತುವಿನ ಋಣ ಅಯಾನಾದರೆ ಕೊನೆಗೆ 'ಐಡ್'. ಪೊಟ್ಯಾಷ್ ಚೀಲದಲ್ಲಿರುವುದು ಪೊಟ್ಯಾಸಿಯಂ ಕ್ಲೋರೈಡ್.

3. ಒಂದಕ್ಕಿಂತ ಹೆಚ್ಚು ಪರಮಾಣು ಸೇರಿದ ಗುಂಪು ಅಯಾನುಗಳನ್ನು ಬಾಯಿಪಾಠ ಮಾಡಿ. ಸಲ್ಫೇಟ್, ಕಾರ್ಬೊನೇಟ್ 2−, ನೈಟ್ರೇಟ್, ಹೈಡ್ರಾಕ್ಸೈಡ್ 1−, ಫಾಸ್ಫೇಟ್ 3−, ಅಮೋನಿಯಂ 1+. ಇದಕ್ಕೆ ಅಡ್ಡದಾರಿ ಇಲ್ಲ.

4. ಒಟ್ಟು ಚಾರ್ಜ್ ಸೊನ್ನೆಯಾಗಲೇಬೇಕು. ಸುಟ್ಟ ಸುಣ್ಣ ಕ್ಯಾಲ್ಸಿಯಂ ಆಕ್ಸೈಡ್: 2+ಗೆ 2−, ಒಂದಕ್ಕೊಂದು. ನೀರು ಹಾಕಿ ಅರಳಿಸಿದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್: ಒಂದು ಕ್ಯಾಲ್ಸಿಯಂಗೆ ಎರಡು ಹೈಡ್ರಾಕ್ಸೈಡ್. ಆದರೂ ಹೆಸರಲ್ಲಿ 'ಡೈ' ಸೇರಿಸುವುದಿಲ್ಲ. ಎಷ್ಟೆಂಬುದನ್ನು ಚಾರ್ಜೇ ಹೇಳುತ್ತದೆ. ಹಾಗಾದರೆ ಡಿಎಪಿ ಗೊಬ್ಬರದ ಪೂರ್ಣ ಹೆಸರಾದ ಡೈಅಮೋನಿಯಂ ಫಾಸ್ಫೇಟಿನಲ್ಲಿ 'ಡೈ' ಏಕೆ? ಫಾಸ್ಫೇಟಿನ ಜೊತೆ ಎಷ್ಟು ಅಮೋನಿಯಂ, ಎಷ್ಟು ಹೈಡ್ರೋಜನ್ ಎಂಬುದು ಗೊಬ್ಬರದಿಂದ ಗೊಬ್ಬರಕ್ಕೆ ಬದಲಾಗುವುದರಿಂದ ಅಲ್ಲಿ ಬಿಡಿಸಿ ಹೇಳುತ್ತಾರೆ.

5. ತಾಮ್ರ, ಕಬ್ಬಿಣದಂಥವುಗಳಿಗೆ ಒಂದಕ್ಕಿಂತ ಹೆಚ್ಚು ಚಾರ್ಜ್ ಉಂಟು. ಆಗ ಋಣ ಅಯಾನಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಮೈಲುತುತ್ತದಲ್ಲಿ ಒಂದು ತಾಮ್ರಕ್ಕೆ ಒಂದು ಸಲ್ಫೇಟ್. ಸಲ್ಫೇಟ್ 2− ಆದ್ದರಿಂದ ತಾಮ್ರ 2+. ಆ ಎರಡನ್ನು ಲೋಹದ ಹೆಸರಿನ ಪಕ್ಕ ಆವರಣದಲ್ಲಿ ರೋಮನ್ ಅಂಕಿಯಾಗಿ ಬರೆಯಿರಿ. ನೀಲಿ ಹರಳಿನಲ್ಲಿ ಐದು ನೀರಿನ ಅಣುಗಳೂ ಇರುವುದರಿಂದ ಕೊನೆಗೆ 'ಪೆಂಟಾಹೈಡ್ರೇಟ್'.

6. ಅಯಾನು ಬೇರೆ, ಲೋಹ ಬೇರೆ. ಬೋರ್ಡೋ ದ್ರಾವಣ ಕಲೆಸುವಾಗ ಇದು ಕಣ್ಣಿಗೇ ಕಾಣುತ್ತದೆ. ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನವಾಗಿ ಸುರಿದು ಕಲಕಬೇಕು. ಹದ ನೋಡಲು ಹಿರಿಯರು ಉಜ್ಜಿ ತೊಳೆದ ಕತ್ತಿಯನ್ನು ಅದ್ದಿ ಹಿಡಿಯುವಾಗ ಪಕ್ಕದಲ್ಲೇ ನಿಂತು ನೋಡಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು. ಸುಣ್ಣಕ್ಕೆ ಸಿಗದೆ ಉಳಿದ ತಾಮ್ರದ ಅಯಾನು ಕಬ್ಬಿಣದಿಂದ ಎರಡು ಎಲೆಕ್ಟ್ರಾನ್ ಕಿತ್ತುಕೊಂಡು ತಾಮ್ರ ಲೋಹವಾಗಿ ಅಂಟಿಕೊಂಡಿದೆ. ಎಲೆಕ್ಟ್ರಾನ್ ಕೊಟ್ಟ ಕಬ್ಬಿಣ 2+ ಅಯಾನಾಗಿ ನೀರಿಗಿಳಿದಿದೆ. ನೀರಿನಲ್ಲಿ ನೀಲಿಯಾಗಿದ್ದದ್ದು ಅಲಗಿನ ಮೇಲೆ ಕೆಂಪು; ಎರಡೂ ತಾಮ್ರವೇ, ವ್ಯತ್ಯಾಸ ಎರಡು ಎಲೆಕ್ಟ್ರಾನಿನದು. ತುತ್ತವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಬಾರದು ಎನ್ನುವುದೂ ಇದಕ್ಕೇ.

7. ಗೊಬ್ಬರದ ಅಂಗಡಿಯಲ್ಲಿ ಚೀಲಗಳ ಮೇಲಿನ ಹೆಸರು ಓದಿ, ಅಯಾನುಗಳನ್ನು ಬಿಡಿಸಿ ಬರೆಯಿರಿ: ಜಿಂಕ್ ಸಲ್ಫೇಟ್, ಮೆಗ್ನೀಸಿಯಂ ಸಲ್ಫೇಟ್. ಯೂರಿಯಾ ಮಾತ್ರ ಬಿಡಿ. ಅದರಲ್ಲಿ ಲೋಹವೂ ಇಲ್ಲ, ಅಮೋನಿಯಂ ಅಯಾನೂ ಇಲ್ಲ. ನೀರಿನಲ್ಲಿ ಅಣುವಾಗಿಯೇ ಕರಗುತ್ತದೆ.