ಉಪ್ಪು, ಸಕ್ಕರೆ, ನೀರು: ಒಂದು ದ್ರಾವಣದ ಕಥೆ

ಕೆಲವು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಮ್ಮ ಮಗನಿಗೆ ವಾಂತಿ-ಭೇದಿ ಶುರುವಾಯಿತು. ನಾನು ಓಡಿಹೋಗಿ ಓಆರ್‌ಎಸ್ ಪೊಟ್ಟಣ ತಂದು, ಪೂರ್ತಿ ಪುಡಿಯನ್ನು ಒಂದು ಲೋಟ ನೀರಿಗೆ ಸುರಿದು ಕಲಕಿದೆ. ಎಲ್ಲವೂ ಚೆನ್ನಾಗಿ ಕರಗಿತು. ಕುಡಿಸಲು ಹೊರಟಾಗ ಅತ್ತೆಯವರು ತಡೆದರು. "ಪೊಟ್ಟಣದ ಮೇಲೆ ಏನು ಬರೆದಿದೆ ಅಂತ ಓದಿದ್ರಾ? ಅದು ಒಂದು ಲೀಟರ್ ನೀರಿಗೆ!" ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದ ನಾನು ಓದಿರಲಿಲ್ಲ.

ಹೈಸ್ಕೂಲಿನ ಪಾಠ ನೆನಪಿರಬಹುದು. ಕರಗುವ ವಸ್ತು ದ್ರಾವ್ಯ, ಕರಗಿಸುವ ವಸ್ತು ದ್ರಾವಕ, ಎರಡೂ ಒಂದಾದರೆ ದ್ರಾವಣ. ನೀರಿನ ಅಣುವಿನಲ್ಲಿ ಆಮ್ಲಜನಕದ ಕಡೆ ಸ್ವಲ್ಪ ಋಣ ವಿದ್ಯುದಂಶ, ಜಲಜನಕದ ಕಡೆ ಸ್ವಲ್ಪ ಧನ ವಿದ್ಯುದಂಶ ಇರುತ್ತದೆ. ಉಪ್ಪಿನ ಹರಳಿನಲ್ಲಿರುವ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳನ್ನು ನೀರಿನ ಅಣುಗಳು ಮುತ್ತಿಕೊಂಡು ಒಂದೊಂದಾಗಿ ಬಿಡಿಸುತ್ತವೆ. ಸಕ್ಕರೆಯ ಅಣು ಹಾಗೆ ಒಡೆಯುವುದಿಲ್ಲ, ಇಡಿಯಾಗಿಯೇ ನೀರಿನ ನಡುವೆ ಸೇರಿಕೊಳ್ಳುತ್ತದೆ. ಎಣ್ಣೆಗೆ ಇಂಥ ಎರಡು ಮುಖಗಳಿಲ್ಲ, ಹಾಗಾಗಿ ಸಾರಿನ ಮೇಲೆ ತೇಲುತ್ತದೆ. (ಅರಿಸಿನದ ಬಣ್ಣ ಒಗ್ಗರಣೆಯ ಎಣ್ಣೆಯಲ್ಲಿ ಅಷ್ಟು ಚೆನ್ನಾಗಿ ಬಿಡುವುದೂ ಇದೇ ಲೆಕ್ಕದಿಂದ.)

ಸಾಮಾನ್ಯ ಉಷ್ಣತೆಯಲ್ಲಿ 100 ಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. ಸಕ್ಕರೆಯಾದರೆ ಸುಮಾರು 200 ಗ್ರಾಂ! ಆದ್ದರಿಂದ ಪುಡಿ ಕರಗಿತು ಎಂದರೆ ಅಳತೆ ಸರಿಯಾಗಿದೆ ಎಂದಲ್ಲ. ನಾನು ಎಡವಿದ್ದು ಇಲ್ಲೇ.

ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ. ಗ್ಲೂಕೋಸ್ ಇರುವುದು ರುಚಿಗಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಒಳಹೋಗುವಾಗ ಜೊತೆಗೆ ಸೋಡಿಯಂ ಅನ್ನೂ ಕರೆದುಕೊಂಡು ಹೋಗುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿಯಾಗುತ್ತಿರುವಾಗಲೂ ಈ ಬಾಗಿಲು ಮುಚ್ಚುವುದಿಲ್ಲ. ಆದರೆ ಒಂದು ಷರತ್ತಿದೆ: ದ್ರಾವಣ ರಕ್ತಕ್ಕಿಂತ ಗಾಢವಾಗಿರಬಾರದು. ಸರಿಯಾಗಿ ಬೆರೆಸಿದ ಓಆರ್‌ಎಸ್ ರಕ್ತಕ್ಕಿಂತ ಸ್ವಲ್ಪ ತೆಳು. ನಾನು ಕಲಸಿದ್ದು ರಕ್ತದ ನಾಲ್ಕು ಪಟ್ಟು ಗಾಢ. ತೆಳುವಾದ ಕಡೆಯಿಂದ ಗಾಢವಾದ ಕಡೆಗೆ ನೀರು ಹರಿಯುವುದು ನಿಯಮ. ಅಂದರೆ ಆ ಲೋಟ ಮಗುವಿನ ಮೈಯಲ್ಲಿದ್ದ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತಿತ್ತು.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹರಡಿ, ಸಲೈನ್ ಬಾಟಲಿಗಳು ಸಾಲದಾದವು. ಆಗ ಡಾ. ದಿಲೀಪ್ ಮಹಲಾನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾಗಳನ್ನು ಅಳತೆಯಂತೆ ನೀರಿನಲ್ಲಿ ಕರಗಿಸಿ ಡ್ರಮ್ಮುಗಳಲ್ಲಿ ಇಟ್ಟರು. ರೋಗಿಗಳ ಮನೆಯವರೇ ಅದನ್ನು ಕುಡಿಸಿದರು. ಶೇಕಡ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. ಅವರಿಗೆ ಪದ್ಮವಿಭೂಷಣ ಸಂದದ್ದು 2023ರಲ್ಲಿ, ಮರಣಾನಂತರ.

ಪೊಟ್ಟಣ ಸಿಗದಿದ್ದರೆ, ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಗೋಪುರ ಬೇಡ. 200 ಮಿಲಿಲೀಟರಿನ ಸಣ್ಣ ಪೊಟ್ಟಣಗಳೂ ಸಿಗುತ್ತವೆ, ಆದ್ದರಿಂದ ಮೇಲಿನ ಬರಹ ಓದಲೇಬೇಕು. ಮಗು ಮಂಕಾದರೆ, ಮೂತ್ರ ಹೋಗದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಅಂದು ಅತ್ತೆಯವರು ನನ್ನ ಲೋಟವನ್ನು ಚೆಲ್ಲಲಿಲ್ಲ. ದೊಡ್ಡ ಪಾತ್ರೆಗೆ ಸುರಿದು, ಕಾಯಿಸಿ ಆರಿಸಿದ ನೀರನ್ನು ಅದೇ ಲೋಟದಲ್ಲಿ ಇನ್ನೂ ನಾಲ್ಕು ಸಲ ಅಳೆದು ಹಾಕಿದರು. ಮಗ ರಾತ್ರಿಯೆಲ್ಲಾ ಚಮಚ ಚಮಚವಾಗಿ ಅದನ್ನೇ ಕುಡಿದ.