ಹಕ್ಕಿ ನೋಡೋಣ, ಕಂಡದ್ದು ಹೇಳೋಣ
(ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ)



ಈ ತಿಂಗಳ ಪಾಠ ಉಳಿತಾಯ, ಸಾಲ, ಬಡ್ಡಿ ಲೆಕ್ಕದ ಬಗ್ಗೆ ಅಲ್ಲ, ಹಕ್ಕಿಗಳ ಬಗ್ಗೆ. "ಸಿಸ್ಟರ್‌ಗೆ ಬೇರೆ ಕೆಲಸ ಇಲ್ವಾ?" ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿ, ಪರವಾಗಿಲ್ಲ. ಆದರೆ ಸಭೆಯಲ್ಲಿ ಓದು ಬಲ್ಲವರು ಇದನ್ನು ನಿಧಾನವಾಗಿ ಓದಿ, ಉಳಿದವರು ಕೊನೆವರೆಗೆ ಕೇಳಿ.

ಶಿವರಾತ್ರಿಯಿಂದ ಯುಗಾದಿವರೆಗಿನ ದಿನಗಳಲ್ಲಿ ನಾವು ಕೆಲವು ಸಂಘಗಳ ಸದಸ್ಯರನ್ನು ಬೆಳಗಿನ ಹೊತ್ತು ಕೆರೆ ಏರಿ, ತೋಟ, ಗೋಮಾಳದ ಕಡೆ ಹಕ್ಕಿ ನೋಡಲು ಕರೆದುಕೊಂಡು ಹೋಗುತ್ತಿದ್ದೇವೆ. ಬಂದವರೆಲ್ಲ ಹೊಸಬರು. ಈ ಕಾಲವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಮುತ್ತುಗ, ಬೂರುಗ, ಹಾಲುವಾಣದ ಮರಗಳು ಈಗ ಎಲೆ ಉದುರಿಸಿ ಬರೀ ಹೂವು ಹೊತ್ತು ನಿಂತಿರುತ್ತವೆ. ಹೂವಿನ ಮಕರಂದಕ್ಕೆ ಗೊರವಂಕ, ಗಿಣಿ, ಪಿಕಳಾರ, ಸೂರಕ್ಕಿ ಎಲ್ಲವೂ ಬರುತ್ತವೆ. ಎಲೆ ಮರೆ ಇಲ್ಲದ ಕಾರಣ ಹೊಸಬರ ಕಣ್ಣಿಗೂ ಬೀಳುತ್ತವೆ. ಚಳಿಗಾಲಕ್ಕೆ ಬಂದ ಪರದೇಶದ ಹಕ್ಕಿಗಳು ಇನ್ನೂ ಪೂರ್ತಿ ಹೊರಟಿರುವುದಿಲ್ಲ. ನಮ್ಮೂರಿನವು ಗೂಡಿಗೆ ಕಡ್ಡಿ ಹೊರಲು ಶುರು ಮಾಡಿರುತ್ತವೆ. ಸುಗ್ಗಿ ಮುಗಿದು ಮುಂಗಾರು ಬರುವವರೆಗೆ ಮಳೆ ನಂಬಿದ ಊರುಗಳಲ್ಲಿ ಹೊಲದ ಕೆಲಸವೂ ಸ್ವಲ್ಪ ಕಡಿಮೆ. ಮನೆ ಕೆಲಸ ಕಡಿಮೆ ಎಂದು ನಾವು ಹೇಳುತ್ತಿಲ್ಲ. ಅದು ಯಾವ ಮಾಸದಲ್ಲೂ ಕಡಿಮೆ ಆಗುವುದಿಲ್ಲ.

ಮೊದಲ ದಿನ ಬಂದ ಹನ್ನೊಂದು ಮಂದಿಯಲ್ಲಿ ಮೂವರು ಕೈಯಲ್ಲಿ ಕುಡುಗೋಲು ಹಿಡಿದೇ ಬಂದಿದ್ದರು. "ಇದ್ಯಾಕೆ?" ಎಂದು ಕೇಳಿದೆವು. "ದಾರೀಲಿ ಯಾರಾದ್ರೂ ಎಲ್ಲಿಗೆ ಅಂದ್ರೆ ಹುಲ್ಲಿಗೆ ಅನ್ನಬೋದಲ್ಲ ಸಿಸ್ಟರ್" ಎಂದರು. ಬೆಳ್ಳಂಬೆಳಿಗ್ಗೆ ಹೆಂಗಸು ಮನೆ ಬಿಟ್ಟು ಹೊರಟರೆ ತಲೆ ಮೇಲೆ ಕೊಡ, ಕಂಕುಳಲ್ಲಿ ಬುಟ್ಟಿ, ಏನಾದರೂ ಒಂದು ಇರಲೇಬೇಕು ಎಂಬುದು ನಮ್ಮ ಹಳ್ಳಿಗಳ ಬರೆಯದ ಕಾನೂನು. ಬರಿಗೈಲಿ ಎರಡು ಗಂಟೆ ನಡೆಯುವುದು ಮದುವೆಯಾದ ಮೇಲೆ ಇದೇ ಮೊದಲು ಎಂದವರೂ ಇದ್ದರು. ಮೂರನೇ ವಾರಕ್ಕೆ ಕುಡುಗೋಲುಗಳು ಬರಲಿಲ್ಲ. ಯಾರೂ ಅದರ ಬಗ್ಗೆ ಮಾತಾಡಲೂ ಇಲ್ಲ.

ಈಗ ನೋಡುವ ಕ್ರಮಕ್ಕೆ ಬರೋಣ. ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಒಳ್ಳೆಯ ಹೊತ್ತು. ಕೆಂಪು, ಹಳದಿಯಂಥ ಎದ್ದು ಕಾಣುವ ಸೀರೆ ಬೇಡ. ಹೊಲದ ಬಣ್ಣದ್ದು ಉಟ್ಟುಕೊಳ್ಳಿ. ಸೂರ್ಯ ನಮ್ಮ ಬೆನ್ನಿಗಿದ್ದರೆ ಹಕ್ಕಿಯ ಬಣ್ಣ ಕಾಣುತ್ತದೆ, ಎದುರಿಗಿದ್ದರೆ ಎಲ್ಲವೂ ಕಾಗೆಯೇ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಹೆಸರು ಗೊತ್ತಿಲ್ಲವಲ್ಲ ಎಂದು ಹಿಂಜರಿಯಬೇಡಿ, ಹೆಸರು ಆಮೇಲೆ. ಮೊದಲು ಗಾತ್ರ ನೋಡಿ: ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ, ಹದ್ದಿನಷ್ಟೋ. ಈ ನಾಲ್ಕು ಅಳತೆ ಸೇರು, ಪಾವು ಇದ್ದ ಹಾಗೆ, ಎಲ್ಲರಿಗೂ ಗೊತ್ತಿರುವಂಥವು. ಆಮೇಲೆ ಕೊಕ್ಕು ಹೇಗಿದೆ, ಬಾಲ ಏನು ಮಾಡುತ್ತಿದೆ, ನೆಲದಲ್ಲಿ ನಡೆಯುತ್ತದೋ ಕುಪ್ಪಳಿಸುತ್ತದೋ, ಎಲ್ಲಿ ಕೂತಿದೆ ಎಂದು ನೋಡಿ. ನಮ್ಮ ರಾಜ್ಯ ಪಕ್ಷಿ ನೀಲಕಂಠ ಕರೆಂಟ್ ತಂತಿ ಮೇಲೆ ಕೂತಾಗ ಮಂಕಾಗಿ ಮಣ್ಣಿನ ಬಣ್ಣದ್ದಾಗಿ ಕಾಣುತ್ತದೆ, ರೆಕ್ಕೆ ಬಿಚ್ಚಿದಾಗ ನೀಲಿ. ಕೂತದ್ದನ್ನು ಮಾತ್ರ ನೋಡಿದವರು ಅದನ್ನು ನೋಡಿದ್ದೇವೆ ಎಂದು ಹೇಳುವಂತಿಲ್ಲ.

ನಮ್ಮ ಗುಂಪಿಗೆ ಒಂದೇ ಒಂದು ನಿಯಮ ಮಾಡಿಕೊಂಡೆವು. ಹಕ್ಕಿ ಪುಸ್ತಕದಲ್ಲಿ "ಅಂತೆ" ಬರೆಯುವಂತಿಲ್ಲ. "ಕೆರೆ ಆಚೆ ನವಿಲು ಇತ್ತಂತೆ" ಎಂದರೆ ದಾಖಲೆ ಆಗುವುದಿಲ್ಲ. ಯಾರು ಕಂಡರು, ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಎಂದು ಇದ್ದರೆ ಮಾತ್ರ ಬರೆಯುವುದು. ನೋಡಲಿಕ್ಕೆ ಸಣ್ಣ ನಿಯಮ, ಆದರೆ ಪಾಲಿಸುವುದು ಕಷ್ಟ.

ಕೋಗಿಲೆಯ ಮಾತನ್ನೇ ತೆಗೆದುಕೊಳ್ಳಿ. ಹಾಡುವುದು ಹೆಣ್ಣು ಎಂದು ಎಲ್ಲರೂ ಹೇಳಿದರು. ಚೆನ್ನಾಗಿ ಹಾಡುವ ಹುಡುಗಿಗೆ ಕೋಗಿಲೆ ಕಂಠ ಅನ್ನುತ್ತೇವಲ್ಲ! ಮಾವಿನ ಮರದ ಕೆಳಗೆ ಕಾದು ಕೂತು ನೋಡಿದಾಗ ಹಾಡುತ್ತಿದ್ದದ್ದು ಕೆಂಪು ಕಣ್ಣಿನ ಕಪ್ಪು ಹಕ್ಕಿ. ಅದು ಗಂಡು. ಪಕ್ಕದ ಕೊಂಬೆಯಲ್ಲಿ ಕಂದು ಮೈ ತುಂಬ ಬಿಳಿ ಚುಕ್ಕೆಯ ಇನ್ನೊಂದು ಹಕ್ಕಿ "ಕಿಕ್ ಕಿಕ್ ಕಿಕ್" ಎಂದು ಕಿರುಚಿ ಹಾರಿತು. ಅದೇ ಹೆಣ್ಣು ಕೋಗಿಲೆ, ಕಾಗೆ ಗೂಡಿನಲ್ಲಿ ಮೊಟ್ಟೆ ಇಡುವವಳು. ನಲವತ್ತು ವರ್ಷ ಅದೇ ಮರದ ಕೆಳಗೆ ಓಡಾಡಿದವರು ಅಂದು ಮೊದಲ ಸಲ ಅದನ್ನು ನೋಡಿದರು. ಈಚಲು ಮರದಲ್ಲಿ ತೂಗುತ್ತಿದ್ದ ಹಳೆಯ ಗೀಜಗನ ಗೂಡುಗಳ ಕಥೆಯೂ ಹೀಗೇ. ನೇಯುವುದು ಗಂಡು. ಅರ್ಧ ನೇಯ್ದ ಗೂಡನ್ನು ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಒಪ್ಪಿಗೆಯಾದರೆ ಸರಿ, ಇಲ್ಲದಿದ್ದರೆ ಆ ಗೂಡು ಹಾಗೇ ಉಳಿಯಿತು. ಇದನ್ನು ಕೇಳಿ ಮನೆ ಮಂಜೂರಾತಿಗೆ ಪಂಚಾಯಿತಿಗೆ ಅಲೆದವರೊಬ್ಬರು ಆಡಿದ ಮಾತನ್ನು ಇಲ್ಲಿ ಅಚ್ಚು ಹಾಕಲು ಆಗುವುದಿಲ್ಲ.

ಬೆಳ್ಳಕ್ಕಿಗಳ ತಲೆ, ಕುತ್ತಿಗೆ ಈ ಕಾಲದಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. "ಮದುವೆ ಅರಿಸಿನ ಹಚ್ಕಂಡವೆ" ಎಂದು ಒಬ್ಬ ಅಜ್ಜಿ ಹೇಳಿದ್ದು ಪೂರ್ತಿ ಸರಿ. ಅದು ಅವುಗಳ ಜೋಡಿ ಕೂಡುವ ಕಾಲದ ಬಣ್ಣವೇ. ನೀರಂಚಿನಲ್ಲಿ ಬಾಲ ಕುಣಿಸುವ ಕುಂಡೆಕುಸ್ಕ ಹೆಸರು ಹೇಳಿಕೊಂಡು ಎಲ್ಲರೂ ನಕ್ಕರು. ನಾವೂ ನಕ್ಕೆವು. ಕುಂಡೆಕುಸ್ಕಗಳಲ್ಲಿ ಕೆಲವು ಹಿಮಾಲಯದಿಂದ, ಅದರಾಚೆಯಿಂದ ಚಳಿಗಾಲಕ್ಕೆ ನಮ್ಮ ಕಡೆ ಬರುವಂಥವು. ಪಟ್ಟೆತಲೆ ಹೆಬ್ಬಾತುಗಳೂ ಹಾಗೇ. ಮಂಗೋಲಿಯಾ ದೇಶದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡಿವೆ.

ಈಗ ಈ ಪಾಠದ ಮುಖ್ಯ ವಿಷಯ. ಶಕುನ ಎಂಬ ಮಾತಿಗೆ ಸಂಸ್ಕೃತದಲ್ಲಿ ಹಕ್ಕಿ ಎಂಬ ಅರ್ಥವೇ ಇದೆ. ಹಕ್ಕಿ ಎಡಕ್ಕೆ ಹಾರಿತೋ ಬಲಕ್ಕೆ ಹಾರಿತೋ ಎಂದು ನೋಡಿ ಫಲ ಹೇಳುವ ರೂಢಿಯಿಂದ ಹಕ್ಕಿಯ ಹೆಸರೇ ಭವಿಷ್ಯಕ್ಕೂ ಬಂತು. ನಮ್ಮ ಕಡೆ ಕೆಂಬೂತ ಕಂಡರೆ ಒಳ್ಳೆಯದಾಗುತ್ತದೆ ಎನ್ನುತ್ತಾರೆ. ಕೆಲವರು ಅದನ್ನು ರತ್ನಪಕ್ಷಿ ಎಂದೇ ಕರೆಯುತ್ತಾರೆ. ಗೂಬೆ ಕಂಡರೆ, ಕೂಗಿದರೆ ಕೇಡು. ಆದರೆ ಕಣ್ಣಿಟ್ಟು ನೋಡಿದರೆ ರತ್ನಪಕ್ಷಿ ಹುಳ ಹುಪ್ಪಟೆ, ಬಸವನಹುಳು ತಿನ್ನುವುದರ ಜೊತೆಗೆ ಬೇರೆ ಹಕ್ಕಿಗಳ ಗೂಡಿಗೆ ನುಗ್ಗಿ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಅದು ಅದರ ತಪ್ಪಲ್ಲ, ಅದರ ಊಟ. ಗೂಬೆ ತಿನ್ನುವುದು ಏನು?

ಒಂದು ಊರಿನಲ್ಲಿ ಬಳಕೆ ತಪ್ಪಿದ ಹಳೆ ಭತ್ತದ ಗೋದಾಮು ಇದೆ. ಅದರ ತೊಲೆ ಮೇಲೆ ಕಣಜಗೂಬೆಯ ಜೋಡಿ ಇತ್ತು. ಅರಳಿ ಎಲೆಯ ಆಕಾರದ ಬಿಳಿ ಮುಖದ ಗೂಬೆ ಅದು. ಯಾರೂ ಆ ಕಡೆ ಹೋಗುತ್ತಿರಲಿಲ್ಲ. ಗೂಬೆ ಹೊಕ್ಕಿದ್ದರಿಂದಲೇ ಗೋದಾಮು ಹಾಳಾಯಿತು ಎಂದು ಊರಿನ ಮಾತು. ಇದು ತಿರುಗುಮುರುಗು. ಜನ ಬಿಟ್ಟು ಹೋದ, ಇಲಿ ಸೇರಿದ, ಕತ್ತಲೆಯ ಕಟ್ಟಡ ಆದ್ದರಿಂದಲೇ ಗೂಬೆ ಅಲ್ಲಿಗೆ ಬಂತು. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಕರಗದ ಮೂಳೆ, ಕೂದಲನ್ನು ಉಂಡೆ ಮಾಡಿ ಬಾಯಿಂದ ಹೊರಗೆ ಹಾಕುತ್ತದೆ. ತೊಲೆ ಕೆಳಗೆ ಇಂಥ ಒಣಗಿದ ಕಪ್ಪು ಉಂಡೆಗಳು ಬಿದ್ದಿದ್ದವು. ಕೆಲವನ್ನು ಹಳೆ ಪೇಪರ್ ಮೇಲೆ ಇಟ್ಟು ಕಡ್ಡಿಯಿಂದ ಬಿಡಿಸಿದೆವು. (ಕೈಯಿಂದ ಮುಟ್ಟಬೇಡಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ.) ಒಳಗೆ ಬರೀ ಇಲಿಯ ಬುರುಡೆ, ದವಡೆ, ಹಳದಿ ಹಲ್ಲು. ಸದಸ್ಯರು ಒಂದೊಂದಾಗಿ ಎಣಿಸಿದರು. ಐದು ಉಂಡೆಯಲ್ಲಿ ಒಂಬತ್ತು ಬುರುಡೆ. ಆ ವರ್ಷ ಇಲಿ ಕಾಟದಿಂದ ಭತ್ತ ಕಳೆದುಕೊಂಡವರೂ ಅಲ್ಲೇ ಕೂತಿದ್ದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಸದಸ್ಯೆ, ಗಂಡ ತೀರಿಕೊಂಡು ಆರು ವರ್ಷ ಆದವರು, ಮೇಲೆ ತೊಲೆ ಕಡೆ ನೋಡುತ್ತ ಹೇಳಿದರು: "ದುಡಿಯೋದು ನಮ್ಮ ಪಾಲು, ಎದುರಿಗೆ ಬರಬ್ಯಾಡ ಅನ್ನುಸ್ಕೊಳ್ಳೋದೂ ನಮ್ಮ ಪಾಲೇಯ. ಅಲ್ವಾ ಸಿಸ್ಟರ್?"

ಇದಕ್ಕೆ ನಾವು ಉತ್ತರ ಕೊಡುವ ಅಗತ್ಯ ಇರಲಿಲ್ಲ. ನಮ್ಮ ಸಂಘಗಳಲ್ಲಿ ಗಂಡನನ್ನು ಕಳೆದುಕೊಂಡ ಅಕ್ಕತಂಗಿಯರು ಅನೇಕರಿದ್ದಾರೆ. ಕಂತು ತಪ್ಪದೆ ಕಟ್ಟುವವರು, ಸಭೆಗೆ ಮೊದಲು ಬರುವವರು ಅವರೇ. ಆದರೆ ಮದುವೆ ಚಪ್ಪರದಲ್ಲಿ, ಹೊಸ ಮನೆ ಹೊಸ್ತಿಲಲ್ಲಿ ಅವರನ್ನು ಹಿಂದೆ ಸರಿಸುತ್ತೇವೆ. ಸರಿಸುವವರು ಬಹಳ ಸಲ ಹೆಂಗಸರೇ. ಆಕೆ ಎದುರು ಬಂದ ದಿನ ಕೆಲಸ ಕೆಟ್ಟಿತು ಎನ್ನುವವರು, ಬಂದರೂ ಕೆಲಸ ಆದ ದಿನಗಳನ್ನು ಎಂದಾದರೂ ಎಣಿಸಿದ್ದಾರೆಯೇ? ಅದು ಗೂಬೆಯ ಮೇಲಿನ "ಅಂತೆ"ಯಂಥದ್ದೇ ಇನ್ನೊಂದು "ಅಂತೆ". ಆ ಸಂಘದಲ್ಲಿ ಸಾಲದಿಂದ ಹಸು ತಂದ ಮನೆಯವರು ಹಸುವಿಗೆ ಆರತಿ ಎತ್ತಲು ಆ ಅಕ್ಕನನ್ನೇ ಕರೆದರು. ಬೇಡ ಎಂದು ಮುಖ ತಿರುಗಿಸಿದವರೂ ಇದ್ದರು. ಆ ಜಗಳ ಇನ್ನೂ ಮುಗಿದಿಲ್ಲ.

ಹಾಗಾದರೆ ನಂಬಿಕೆ ಎಲ್ಲ ಕೆಟ್ಟದ್ದೇ ಎಂದು ಕೇಳಬಹುದು. ನಾವು ಹಾಗೆ ಹೇಳುವುದಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಅಲ್ಲಿಯವರು ಅವನ್ನು ಕಾಣುತ್ತಾರೆ. ಅವು ಬಂದರೆ ಊರಿಗೆ ಶುಭ ಎಂಬ ನಂಬಿಕೆ ಅವನ್ನು ತಲೆಮಾರುಗಳಿಂದ ಕಾಪಾಡಿದೆ. ಗಬ್ಬು ವಾಸನೆ ಸಹಿಸಿದ್ದಾರೆ, ಹುಣಸೆ ಫಸಲು ಕಳೆದುಕೊಂಡಿದ್ದಾರೆ. ಹುಣಸೆ ಮರಗಳ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶ ಎಂದು ಸರ್ಕಾರ ಘೋಷಿಸಿತು. ಆದ್ದರಿಂದ ಒಂದು ನಂಬಿಕೆ ಯಾರನ್ನು ಕಾಪಾಡುತ್ತದೆ, ಯಾರನ್ನು ಹೊರಗೆ ಹಾಕುತ್ತದೆ ಎಂದು ಕೇಳಿ ನೋಡಿ. ಸಾಧ್ಯವಾದರೆ ಸಂಘದ ಪ್ರವಾಸಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಿಗೆ ಹೋಗಿ. ಮರಿಗಳಿರುವ ಕಾಲ, ಮರದ ಕೆಳಗೆ ಗಲಾಟೆ ಬೇಡ.

ಓದು ಕಡಿಮೆ, ನಮ್ಮಿಂದ ಏನಾಗುತ್ತದೆ ಎನ್ನುವವರಿಗೆ ಜಮಾಲ್ ಆರಾ ಅವರ ವಿಷಯ ಹೇಳಬೇಕು. 1923ರಲ್ಲಿ ಬಿಹಾರದಲ್ಲಿ ಹುಟ್ಟಿದವರು. ಹತ್ತನೇ ತರಗತಿವರೆಗಿನ ಓದು, ಚಿಕ್ಕ ವಯಸ್ಸಿಗೇ ಮದುವೆ, ಆ ಮದುವೆ ಮುರಿದು ಮಗಳೊಂದಿಗೆ ಬೇರೆ ಬದುಕು. ಕಾಡಿನ ಹಕ್ಕಿಗಳನ್ನು ದಿನವೂ ನೋಡಿ ಟಿಪ್ಪಣಿ ಬರೆದಿಟ್ಟರು. ಆ ಟಿಪ್ಪಣಿಗಳಿಂದ ವಿದ್ವಾಂಸರ ಪತ್ರಿಕೆಗಳಿಗೆ ಲೇಖನ ಬರೆದರು. ಮಕ್ಕಳಿಗಾಗಿ ಅವರು ಬರೆದ ಹಕ್ಕಿ ಪುಸ್ತಕವನ್ನು 1970ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಿಸಿತು. ಕನ್ನಡದಲ್ಲಿ ಹೆಸರು ಹುಡುಕುವವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ಇದೆ. ಗ್ರಂಥಾಲಯದಲ್ಲಿ ಕೇಳಿ, ಇಲ್ಲದಿದ್ದರೆ ತರಿಸಲು ಅರ್ಜಿ ಕೊಡಿ.

ಎಚ್ಚರಿಕೆಯ ಎರಡು ಮಾತು. ಈಗ ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ ಕಲ್ಲಿನಂಥ ಮೊಟ್ಟೆ ಇಡುವ ಕಾಲ. ಅದು ತಲೆ ಮೇಲೆ ಸುತ್ತಿ ಕೂಗಿದರೆ ಹೆಜ್ಜೆ ನೋಡಿ ಇಡಿ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಗಿಣಿ, ಗೂಬೆಗಳನ್ನು ಹಿಡಿಯುವುದು, ಮಾರುವುದು, ಗಿಣಿಯನ್ನು ಪಂಜರದಲ್ಲಿಡುವುದು ಅಪರಾಧ. ಗಿಣಿ ಹಿಂಡು ಸೂರ್ಯಕಾಂತಿಗೆ ಬಿದ್ದರೆ ನಷ್ಟ ನಿಜ, ನವಿಲಿನ ಕಾಟವೂ ನಿಜ. ಆದರೆ ಕಾಳಿಗೆ ವಿಷದ ಗುಳಿಗೆ ಬೆರೆಸಿ ಚೆಲ್ಲುವುದು ಬೇಡ. ಆ ಕಾಳಿಗೆ ನಮ್ಮ ಕೋಳಿ, ಕೆಲವೊಮ್ಮೆ ನಮ್ಮ ಮಕ್ಕಳ ಕೈಯೂ ಹೋಗುತ್ತದೆ. ವಿಷ ತಿಂದು ತೂರಾಡುವ ಇಲಿಯನ್ನು ಗೂಬೆ ಹಿಡಿದರೆ ಅದರ ಜೀವಕ್ಕೂ ಅಪಾಯ.

ಮುಂದಿನ ಸಭೆಗೆ ಮೊದಲು ಐದೈದು ಜನ ಸೇರಿ ಒಂದು ಬೆಳಿಗ್ಗೆ ಹೋಗಿ ಬನ್ನಿ. ಹದಿನೈದು ನಿಮಿಷ ಒಂದೇ ಕಡೆ ಕೂತು ಕಂಡ ಹಕ್ಕಿ ಎಣಿಸಿ ಬರೆಯಿರಿ. ಬರೆಯಲು ಬಾರದವರು ಕಲ್ಲು ಹರಳಿನಿಂದ ಲೆಕ್ಕ ಇಡಿ. ಬಂದ ಮೇಲೆ ಸಭೆಯಲ್ಲಿ ಈ ಮಾತುಗಳನ್ನು ಚರ್ಚೆಗೆ ಇಡಿ. ಹೊರಟಾಗ ದಾರಿಯಲ್ಲಿ ಯಾರು ಏನು ಕೇಳಿದರು, ನೀವು ಏನು ಹೇಳಿದಿರಿ? ನಮ್ಮ ಸಂಘದಲ್ಲಿ ಒಬ್ಬ ಸದಸ್ಯೆಯ ಬಗ್ಗೆ "ಅಂತೆ" ಕೇಳಿ ಸಾಲ ತಡೆದದ್ದು ಇದೆಯೇ? ಸಂಘದ ವಾರ್ಷಿಕೋತ್ಸವದ ದೀಪ ಈ ಸಲ ಯಾರಿಂದ ಹಚ್ಚಿಸುತ್ತೀರಿ?