ಅಂತರಂಗದ ಅನುಭವವನ್ನು ಕೇಳಿ ತಿಳಿಯುವ ಕ್ರಮ

ತನ್ನ ಮನಸ್ಸಿನಲ್ಲಿ ನಡೆದುದನ್ನು ತಾನು ಚೆನ್ನಾಗಿ ಬಲ್ಲೆನೆಂದು ಪ್ರತಿಯೊಬ್ಬರೂ ಭಾವಿಸುವುದು ಸಹಜ. ಆದರೆ ಸುಳ್ಳಾಡುವ ಉದ್ದೇಶ ಲೇಶವೂ ಇಲ್ಲದವರು ಕೂಡ ಈ ವಿಷಯದಲ್ಲಿ ನಡೆಯದುದನ್ನು ನಡೆದಂತೆ ಹೇಳಿಬಿಡುವುದುಂಟು.

ಸ್ವೀಡನ್ ದೇಶದ ಪೆಟ್ಟರ್ ಯೋಹಾನ್ಸನ್, ಲಾರ್ಸ್ ಹಾಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ನಿದರ್ಶನ. ಅವರು ಎರಡು ಮುಖಗಳ ಚಿತ್ರಗಳನ್ನು ತೋರಿಸಿ, ಹೆಚ್ಚು ಮೆಚ್ಚುಗೆಯಾದುದನ್ನು ಆರಿಸಹೇಳಿದರು. ಬಳಿಕ ಕೈಚಳಕದಿಂದ ಆರಿಸದ ಚಿತ್ರವನ್ನೇ ಕೊಟ್ಟು, "ಇದನ್ನು ಏಕೆ ಆರಿಸಿದಿರಿ?" ಎಂದು ಕೇಳಿದರು. ಬಹುಪಾಲು ಸಂದರ್ಭಗಳಲ್ಲಿ ಬದಲಾವಣೆಯು ಗಮನಕ್ಕೇ ಬರಲಿಲ್ಲ. ಮಾಡದ ಆಯ್ಕೆಗೂ ಕಾರಣಗಳು ಹುಟ್ಟಿಕೊಂಡವು!

ಹಾಗಾದರೆ ಅಂತರಂಗವನ್ನು ತಿಳಿಯುವ ದಾರಿಯೇ ಇಲ್ಲವೆ? ಉಂಟು. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಪಿಯರ್ ವೆರ್ಮೆರ್ಶ್ ರೂಪಿಸಿದ ಸಂದರ್ಶನ ಕ್ರಮವನ್ನು ಕ್ಲೇರ್ ಪೆತಿಮಾಂಜಾಂ ಎಂಬ ವಿದುಷಿ ಮುಂದೆ ಬೆಳೆಸಿದರು. ಅದರ ಮುಖ್ಯಾಂಶಗಳು ಇಂತಿವೆ:

1. "ಸಾಮಾನ್ಯವಾಗಿ ಏನನ್ನಿಸುತ್ತದೆ?" ಎಂದು ಕೇಳದೆ, ಒಂದೇ ಒಂದು ನಿರ್ದಿಷ್ಟ ಸಂದರ್ಭವನ್ನು ಆರಿಸಿಕೊಳ್ಳುವುದು.

2. ಆಗ ಎಲ್ಲಿದ್ದರು, ಏನು ಕಂಡಿತು, ಏನು ಕೇಳಿಸಿತು ಎಂದು ವಿಚಾರಿಸಿ, ಆ ಕ್ಷಣವು ಮತ್ತೆ ಮನಸ್ಸಿಗೆ ಬರುವಂತೆ ಮಾಡುವುದು. ಹೇಳುವವರ ಮಾತು ನಿಧಾನವಾಗಿ, ದೃಷ್ಟಿಯು ಎದುರಿನವರನ್ನು ಬಿಟ್ಟು ಶೂನ್ಯದಲ್ಲಿ ನಿಂತರೆ, ಅವರು ನೆನಪಿನೊಳಗೆ ಹೊಕ್ಕಿದ್ದಾರೆಂದು ತಿಳಿಯಬಹುದು.

3. "ಏಕೆ" ಎಂಬುದನ್ನು ಬಿಟ್ಟು "ಹೇಗೆ" ಎಂದು ಕೇಳುವುದು. "ಏಕೆ" ಎಂದೊಡನೆ ಮನಸ್ಸು ಸಮರ್ಥನೆಯನ್ನು ಹುಡುಕತೊಡಗುತ್ತದೆ.

4. ಉತ್ತರವನ್ನು ಸೂಚಿಸದಿರುವುದು. "ಆಗ ಭಯವಾಯಿತೆ?" ಎಂದರೆ ಭಯವನ್ನು ಕೇಳುವವರೇ ಬಿತ್ತಿದಂತೆ. "ಆಗ ಏನಾಯಿತು?" ಎಂಬುದು ನಿರ್ದೋಷವಾದ ಪ್ರಶ್ನೆ.

5. ಕೇಳಿದುದನ್ನು ಹೇಳಿದವರ ಮಾತಿನಲ್ಲಿಯೇ ಮರಳಿ ಒಪ್ಪಿಸಿ, ತಪ್ಪಿದ್ದರೆ ತಿದ್ದಲು ಅವಕಾಶ ಕೊಡುವುದು.

ಪೆತಿಮಾಂಜಾಂ ಮತ್ತು ಸಂಗಡಿಗರು ಅದೇ ಚಿತ್ರಗಳ ಪ್ರಯೋಗವನ್ನು ಮತ್ತೆ ನಡೆಸಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಮ್ಮ ಆಯ್ಕೆಯನ್ನು ವಿವರಿಸಲು ನುರಿತ ಸಂದರ್ಶಕರ ನೆರವು ಪಡೆದವರು ನೂರಕ್ಕೆ 80 ಸಂದರ್ಭಗಳಲ್ಲಿ ಬದಲಾವಣೆಯನ್ನು ಗುರುತಿಸಿದರು. ಅಂತರಂಗವು ಮುಚ್ಚಿದ ಬಾಗಿಲಲ್ಲ. ಅವಸರದ ಪ್ರಶ್ನೆಗೆ ಅದು ತೆರೆಯದು ಎಂಬುದೇ ಇದರ ತಾತ್ಪರ್ಯ.

ಈ ಕ್ರಮವು ವಿದ್ವಾಂಸರಿಗೆ ಮಾತ್ರ ಮೀಸಲಲ್ಲ. ರೋಗಿಯ ನೋವನ್ನು ವಿಚಾರಿಸುವಾಗ, ಅಳುವ ಮಗುವನ್ನು ಮಾತನಾಡಿಸುವಾಗ, ಉತ್ತರವನ್ನು ನಾವೇ ಅವರ ಬಾಯಿಗೆ ಇಡುವುದುಂಟು. ಸತ್ಯವನ್ನು ನುಡಿಯುವುದು ಹೇಳುವವರ ಹೊಣೆ. ಅದು ಹೊರಬರುವಂತೆ ಕೇಳುವುದು ಕೇಳುವವರ ಹೊಣೆ.

ಮನನಕ್ಕೆ ಪ್ರಶ್ನೆಗಳು: "ಏಕೆ" ಎಂಬ ಪ್ರಶ್ನೆಯ ದೋಷವೇನು? ಉತ್ತರವನ್ನು ಸೂಚಿಸದ ಪ್ರಶ್ನೆಗೆ ಒಂದು ಉದಾಹರಣೆ ಕೊಡಿ.